ನಾಲ್ಕು ಬೆರಳು ಮೇಲೆ ಹೋದ ಬೆಳಕು

ಮೀಸೆ ಮಾವ ನಿಜವಾಗಿ ಮಾವನಾಗಿದ್ದುದು ಒಬ್ಬನಿಗೆ ಮಾತ್ರ, ಮಗಳ ಗಂಡನಿಗೆ. ಆದರೂ ಊರಿನ ಬಸ್ಸಿನವರು, ಟೆಂಪೋದವರು, ಸ್ಕೂಟರಿನ ಹೆಂಗಸರು, ಕೊನೆಗೆ ಅವನಿಗಿಂತ ಹತ್ತು ವರ್ಷ ದೊಡ್ಡವನಾದ ಕ್ಷೌರದಂಗಡಿಯವನು ಕೂಡ ಅವನನ್ನು ಮಾವ ಎಂದೇ ಕರೆಯುತ್ತಿದ್ದರು. ಮೀಸೆ ಎನ್ನುವುದು ಆಮೇಲೆ ತಾನಾಗಿ ಬಂದು ಮುಂದೆ ನಿಂತಿತು. ನಿಲ್ಲದೆ ಏನು ಮಾಡೀತು? ಆ ಮೀಸೆಯ ಗತ್ತೇ ಹಾಗಿತ್ತು. ಎರಡು ತುದಿಯೂ ಕೆನ್ನೆ ದಾಟಿ ಸ್ಕೂಟರಿನ ಹ್ಯಾಂಡಲ್ಲಿನ ಹಾಗೆ ತಿರುಗಿದ್ದವು. "ಮಾವ ಎಡಕ್ಕೆ ಹೋಗ್ಬೇಕಾದ್ರೆ ಬಲಗಡೆ ಮೀಸೆ ಮುಂದಕ್ಕೆ ತಳ್ತಾನೆ" ಎಂದು ಪಕ್ಕದ ಪಂಕ್ಚರಿನವನು ಗಿರಾಕಿಗಳಿಗೆ ಹೇಳುತ್ತಿದ್ದ.

ಮಾವನ ಕೆಲಸ ವಾಹನಗಳ ದೀಪ. ಮುಂದಿನದು, ಹಿಂದಿನದು, ಪಕ್ಕದಲ್ಲಿ ಮಿಣಕ್ ಮಿಣಕ್ ಅನ್ನುವುದು, ಅಷ್ಟೇ. ಎಂಜಿನ್ನಿನ ಮಾತು ತೆಗೆದರೆ "ಹೊಟ್ಟೆನೋವಿಗೆ ಬೇರೆ ಡಾಕ್ಟ್ರಿದಾರೆ ಹೋಗಿ, ನಾನು ಕಣ್ಣು ನೋಡೋನು" ಎಂದು ಕಳಿಸಿಬಿಡುತ್ತಿದ್ದ. ಅವನ ಶೆಡ್ಡಿಗೆ ಮೂರು ಕಡೆ ಗೋಡೆ, ಮೇಲೆ ತಗಡು, ನಾಲ್ಕನೆಯ ಕಡೆ ಬೀದಿ. ಗೋಡೆಯ ಮೊಳೆಗಳಿಗೆ ಹಳೆಯ ಹೆಡ್‌ಲೈಟುಗಳು ಸಾಲಾಗಿ ನೇತುಬಿದ್ದಿದ್ದವು. ಒಳಗೆ ಕಾಲಿಟ್ಟವರಿಗೆ ನೂರು ಜನ ಕಣ್ಣರಳಿಸಿ ನೋಡುತ್ತಿದ್ದಾರೆ ಅನ್ನಿಸಬೇಕು. ಮಂಜಾದ ಗಾಜನ್ನು ಮಾವ ಹಲ್ಲಿನ ಪೇಸ್ಟು ಹಚ್ಚಿ ಉಜ್ಜುತ್ತಿದ್ದ. ಮನೆಯಲ್ಲಿ ಪೇಸ್ಟು ಕಾಣೆಯಾದರೆ ಹೆಂಡತಿ "ಇವತ್ತು ಯಾವ ಬಸ್ಸು ಹಲ್ಲುಜ್ಜಿತು?" ಎಂದು ಕೇಳುತ್ತಿದ್ದಳು. ಹೊಸ ಬಲ್ಬನ್ನು ಅವನು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ. ಬೆರಳಿನ ಜಿಡ್ಡು ತಾಗಿದ ಕಡೆ ಕಾದು ಸಿಡಿದೀತೆಂದು, ಹಸುಗೂಸನ್ನು ಎತ್ತಿಕೊಳ್ಳುವ ಹಾಗೆ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಳ್ಳುತ್ತಿದ್ದ. ಹಿಂದಿನ ದೀಪದ ಕೆಂಪು ಮುಚ್ಚಳ ಒಡೆದು ಬಂದರೆ ಚೂರು ಚೂರನ್ನೂ ಜೋಡಿಸಿ ಅಂಟಿಸುತ್ತಿದ್ದ. ಒಂದು ಚೂರು ಕಳೆದುಹೋಗಿದ್ದರೆ ಅಷ್ಟಕ್ಕೆ ಹಳೆಯ ಕೆಂಪು ಮಗ್ಗಿನ ತುಂಡು ಕತ್ತರಿಸಿ ಕೂರಿಸುತ್ತಿದ್ದ. ಊರಿನ ಒಂದು ಟೆಂಪೋ ಬ್ರೇಕು ಹಾಕಿದಾಗಲೆಲ್ಲ ಮಗ್ಗಿನ ಮೇಲಿದ್ದ ಬಾತುಕೋಳಿ ಹಿಂದೆ ಬಂದವರಿಗೆ ಹೊಳೆದು ಕಾಣುತ್ತಿತ್ತು. ಹಿಂದಿನವರು ನಗುತ್ತ ನಿಲ್ಲಿಸುತ್ತಿದ್ದರು. ನಿಲ್ಲಿಸಿದರಲ್ಲ, ದೀಪಕ್ಕೆ ಇನ್ನೇನು ಬೇಕು.

ಆದರೆ ಮಾವನ ಹೆಸರು ನಿಂತಿದ್ದುದು ಇದರ ಮೇಲಲ್ಲ, ಬೆಳಕು ಕೂರಿಸುವ ಕೆಲಸದ ಮೇಲೆ. ಹೆಡ್‌ಲೈಟು ಉರಿದರೆ ಸಾಲದು, ಬೀಳಬೇಕಾದಲ್ಲಿ ಬೀಳಬೇಕು. ತೀರ ಕೆಳಗಾದರೆ ತನ್ನ ಚಕ್ರ ಬಿಟ್ಟು ಏನೂ ಕಾಣದು. ಮೇಲಾದರೆ ಎದುರಿಗೆ ಬರುವವನ ಕಣ್ಣು ಕುಕ್ಕಿ ಅವನು ಚರಂಡಿಗಿಳಿಯುತ್ತಾನೆ. ಶೆಡ್ಡಿನ ಎದುರಿಗೆ, ಬೀದಿಯಾಚೆ, ಒಂದು ಗೋದಾಮಿನ ಉದ್ದನೆಯ ಗೋಡೆ ಇತ್ತು. ಅದರ ಮೇಲೆ ಮಾವನ ಮೂರು ಕಪ್ಪು ಗೆರೆಗಳು. ಕೆಳಗಿನದು ಕಾರಿಗೆ, ನಡುವಿನದು ಸ್ಕೂಟರಿಗೆ, ಮೇಲಿನದು ಬಸ್ಸು ಲಾರಿಗೆ. ಹೊತ್ತು ಮುಳುಗುವ ಸಮಯಕ್ಕೆ ವಾಹನವನ್ನು ಗೋಡೆಯಿಂದ ಹತ್ತು ಹೆಜ್ಜೆ ದೂರ ನಿಲ್ಲಿಸಿ, ದೀಪ ಹಾಕಿಸಿ, ಬೆಳಕಿನ ಮೇಲಂಚು ಗೆರೆಯ ಮೇಲೆ ಕೂರುವ ತನಕ ಸ್ಕ್ರೂ ತಿರುಗಿಸುವುದು. ಇಷ್ಟೇ ವಿದ್ಯೆ. ಆದರೆ ಇಷ್ಟನ್ನು ಮೂವತ್ತು ವರ್ಷ ಒಂದು ಕೂದಲೆಳೆ ತಪ್ಪದೆ ಮಾಡಿದವನು ಆ ಸುತ್ತಿನಲ್ಲಿ ಬೇರೊಬ್ಬನಿರಲಿಲ್ಲ.

ಆ ಗೆರೆಗಳ ಎತ್ತರ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಮದುವೆಯಾದ ಮರುವಾರ ಮಾವ ಶೆಡ್ಡು ತೆರೆದಾಗ, ಕೆಲಸ ಕಲಿಸಿದ ಗುರು ಬಂದು ಗೋಡೆಯ ಮೇಲೆ ಮೂರು ಕಡೆ ಬೆರಳಿಟ್ಟು ತೋರಿಸಿ ಹೋಗಿದ್ದ. ಮಾವನ ಹತ್ತಿರ ಅಳತೆಪಟ್ಟಿ ಇರಲಿಲ್ಲ. ಗೋಡೆಗೆ ಎದುರಾಗಿ ನೆಟ್ಟಗೆ ನಿಂತು ನೆನಪಿಟ್ಟುಕೊಂಡ: ಕಾರಿನ ಗೆರೆ ಅಂಗಿಯ ಅಂಚಿಗೆ, ಸ್ಕೂಟರಿನದು ಕೊನೆಯ ಗುಂಡಿಗೆ, ಬಸ್ಸಿನದು ಅದರ ಮೇಲಿನ ಗುಂಡಿಗೆ. ಆ ಅಂಗಿ ಹೆಂಡತಿ ತನ್ನ ಕೈಯಾರೆ ಹೊಲಿದುಕೊಟ್ಟ ಮೊದಲನೆಯದು. ಅಲ್ಲಿಂದಾಚೆ ಅವನ ಎಲ್ಲ ಅಂಗಿಯನ್ನೂ ಅವಳೇ ಹೊಲಿದಳು. ಪ್ರತಿ ಸಲವೂ ಹೊಸ ಅಂಗಿ ತೊಟ್ಟು, ಗುಂಡಿ ಹಾಕಿಕೊಂಡು, ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿ ಮಾವ ಕೇಳುತ್ತಿದ್ದ, "ಅದೇ ಅಳತೆ ಅಲ್ವೇನೇ?"

"ಹೂಂ, ಅದೇ" ಎಂದು ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು.

ಬೆಳಕು ಕೂರಿಸುವಾಗ ಮಾವನದೊಂದು ನಿಯಮವಿತ್ತು. ವಾಹನ ಖಾಲಿ ನಿಲ್ಲಬಾರದು. ದಿನಾ ಯಾರು ಯಾರು ಕೂರುತ್ತಾರೋ ಅವರೆಲ್ಲ ಬಂದು ಕೂರಬೇಕು. ಹಿಂದೆ ಭಾರ ಬಿದ್ದರೆ ಗಾಡಿ ಮೂತಿ ಎತ್ತುತ್ತದೆ, ಬೆಳಕು ಮೇಲೇರುತ್ತದೆ; ಅದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ. ಹಾಗಾಗಿ ಸಂಜೆ ಅವನ ಶೆಡ್ಡಿನ ಮುಂದೆ ಗಂಡಂದಿರು, ಹೆಂಡಂದಿರು, ನಡುವೆ ಸಿಕ್ಕಿಕೊಂಡ ಮಕ್ಕಳು, ಮಡಿಲಲ್ಲಿ ತರಕಾರಿ ಚೀಲ ಇಟ್ಟುಕೊಂಡ ಅಜ್ಜಿಯರು, ಎಲ್ಲರೂ ನಿಂತ ಗಾಡಿಯ ಮೇಲೆ ಎಲ್ಲಿಗೋ ಹೊರಟವರ ಹಾಗೆ ಕೂತಿರುತ್ತಿದ್ದರು. ಜಗಳವಾಡಿ ಮಾತು ಬಿಟ್ಟವರನ್ನೂ ಮಾವ ಬಿಡುತ್ತಿರಲಿಲ್ಲ. "ಮಾತಾಡ್ಬೇಡಿ, ಕೂತ್ಕೊಳ್ಳಿ ಸಾಕು. ಭಾರಕ್ಕೆ ಮಾತು ಬೇಕಾಗಿಲ್ಲ" ಎನ್ನುತ್ತಿದ್ದ.

ಹೀಗೆ ಕೂರಿಸಿ ಕೂರಿಸಿ ಅವನಿಗೊಂದು ಕೆಟ್ಟ ವಿದ್ಯೆ ಅಂಟಿತ್ತು. ಹೋದ ಸಲ ಕೂರಿಸಿದ್ದ ಬೆಳಕು ಈ ಸಲ ಗೆರೆಯಿಂದ ಎಷ್ಟು ಮೇಲೆದ್ದಿದೆ ಎಂದು ನೋಡಿ, ಕೂತವರು ಎಷ್ಟು ದಪ್ಪವಾಗಿದ್ದಾರೆಂದು ಹೇಳಿಬಿಡುತ್ತಿದ್ದ. ಮೆಲ್ಲಗಾದರೂ ಹೇಳಬಾರದೇ? ಬೀದಿಗೆಲ್ಲ ಕೇಳಿಸುವ ಹಾಗೆ. "ಅಕ್ಕಾ, ನಾಲ್ಕು ಕೆಜಿ ಏರಿದೀರಿ!" ಮೂರು ಸಲ ಏರಿಸಿಕೊಂಡ ಮೇಲೆ ಒಬ್ಬಾಕೆ ಬಸ್ಸಿನಲ್ಲಿ ಓಡಾಡತೊಡಗಿದಳು.

ಒಂದು ಸಂಜೆ ಕೆಲಸದಿಂದ ನಿವೃತ್ತರಾಗಿದ್ದ ಟೀಚರಮ್ಮ ತಮ್ಮ ನೀಲಿ ಸ್ಕೂಟರಿನಲ್ಲಿ ಬಂದರು. ಊರಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿದವರು. ಕ್ಷೌರದಂಗಡಿಯ ಬೆಂಚಿನ ಮೇಲೆ ನಾಲ್ಕು ಜನ, ಪಂಕ್ಚರಿನವನ ಹತ್ತಿರ ಇಬ್ಬರು, ಎಲ್ಲ ಅವರ ಹಳೆಯ ಶಿಷ್ಯರೇ. ಮಾವ ಗೋಡೆ ನೋಡಿ ತಲೆ ಅಲ್ಲಾಡಿಸಿದ.

"ಟೀಚರಮ್ಮ, ಐದು ಕೆಜಿ."

"ನಾನು ಕೇಳಿದ್ನಾ?" ಎಂದರು ಅವರು.

"ನಾನೆಲ್ಲಿ ಹೇಳ್ದೆ? ಗೋಡೆ ಹೇಳ್ತಿದೆ."

ಬೆಂಚಿನ ಮೇಲಿದ್ದವರು ಕೆಮ್ಮಿದರು. ಟೀಚರಮ್ಮ ಶೆಡ್ಡಿನ ಮೇಲಿದ್ದ ಬೋರ್ಡನ್ನು ತಲೆಯೆತ್ತಿ ಒಂದಕ್ಷರ ಬಿಡದೆ ಓದಿದರು. ದೊಡ್ಡ ಹಳದಿ ಅಕ್ಷರದಲ್ಲಿ ಹೀಗೆ ಬರೆದಿತ್ತು: 'ಇಲ್ಲಿ ಕೂರಿಸಿದ ಬೆಳಕು ಒಂದು ಬೆರಳು ತಪ್ಪಿದರೆ ಮೀಸೆ ಬೋಳಿಸಿಕೊಳ್ಳುತ್ತೇನೆ.'

ಮಾವ ಮೀಸೆಯನ್ನು ಸುಮ್ಮನೆ ಪಣಕ್ಕಿಟ್ಟವನಲ್ಲ. ಅದರ ಹಿಂದೆ, ಅಂದರೆ ಅದರ ಕೆಳಗೆ, ಒಂದು ಗುಟ್ಟಿತ್ತು. ಮೀಸೆ ಇಲ್ಲದ ಮಾವನ ಮುಖ ಅವನ ಅಕ್ಕನ ಮುಖದ ಪಡಿಯಚ್ಚು. ಅಕ್ಕ ಅಂದರೆ ಅಂಥಿಂಥ ಅಕ್ಕ ಅಲ್ಲ, ಮನೆಗೆ ಬಂದರೆ ಪಾತ್ರೆಗಳು ತಾವಾಗಿ ನೆಟ್ಟಗೆ ನಿಲ್ಲಬೇಕು, ಅಂಥವಳು. ಹದಿನಾರು ವರ್ಷದವನಿದ್ದಾಗ ಅವನು ಶಾಲು ಹೊದ್ದು ಬಸ್ಸಿನಲ್ಲಿ ಕೂತಿದ್ದರೆ, ಕಂಡಕ್ಟರು ಬಂದು "ಅಕ್ಕಾ, ಸ್ವಲ್ಪ ಆ ಕಡೆ ಹೆಂಗಸರ ಸೀಟಿಗೆ ಹೋಗಿ" ಎಂದಿದ್ದ. ಅಂದು ಶುರುವಾದ ಮೀಸೆ ಅದು. ಮದುವೆಗೆ ಮುಂಚೆ ಬಂದ ಮೀಸೆಯಾದ್ದರಿಂದ ಹೆಂಡತಿಯೇ ಅದರ ಹಿಂದಿನ ಮುಖ ನೋಡಿರಲಿಲ್ಲ. ನೋಡದೆಯೇ ಕಣ್ಣು ಮುಚ್ಚಿಬಿಡಲಿ, ಇಬ್ಬರಲ್ಲಿ ಯಾರು ಮೊದಲಾದರೂ ಸರಿ ಎಂದು ಮಾವ ಅಂದುಕೊಂಡಿದ್ದ.

ಹೀಗಿರುವಾಗ ಒಂದು ಭಾನುವಾರ ಮಾವ ಮಗಳ ಮನೆಗೆ ಹೋದ. ಸೋಮವಾರ ಬಂದು ನೋಡಿದರೆ ಗೋದಾಮಿನ ಗೋಡೆ ಹಾಲಿನಲ್ಲಿ ಅದ್ದಿ ತೆಗೆದ ಹಾಗಿದೆ. ಯಜಮಾನರು ಒಂದೇ ದಿನದಲ್ಲಿ ಬಿಳಿ ಬಣ್ಣ ಹೊಡೆಸಿಬಿಟ್ಟಿದ್ದರು. ಮೂರು ಗೆರೆಯೂ ಮಾಯ.

ಪಂಕ್ಚರಿನವನು ಎದೆ ಬಡಿದುಕೊಂಡ. "ಮುಗೀತಲ್ಲ ಮಾವ! ಮೂವತ್ತು ವರ್ಷದ ಗೆರೆ!"

ಮಾವ ನಕ್ಕು ಅಂಗಿಯನ್ನು ತಟ್ಟಿ ತೋರಿಸಿದ. "ಗೆರೆ ಹೋದ್ರೆ ಏನಾಯ್ತೋ, ಅಳತೆ ನನ್ನ ಮೈಮೇಲಿದೆ."

ಇದ್ದಿಲು ಹಿಡಿದು ಗೋಡೆಗೆ ಎದುರಾಗಿ ನಿಂತ. ಮೊದಲೆಲ್ಲ ಹಾಗೆ ನಿಂತರೆ ಮೂಗು ಗೋಡೆಗೆ ತಾಗುತ್ತಿದ್ದುದು ಅವನಿಗೆ ನೆನಪಿತ್ತು. ಈಗ ಮೂಗು ಒಂದು ಗೇಣು ಹಿಂದೆಯೇ ಉಳಿಯಿತು, ಬೇರೇನೋ ಮೊದಲು ತಾಗಿತು. "ಬಣ್ಣ ದಪ್ಪ ಹಚ್ಚಿದಾರೆ. ಗೋಡೆ ಉಬ್ಬಿದೆ" ಎಂದುಕೊಂಡ. ಅಂಗಿಯ ಅಂಚಿಗೆ ಒಂದು ಗೆರೆ, ಕೊನೆಯ ಗುಂಡಿಗೆ ಒಂದು, ಅದರ ಮೇಲಿನದಕ್ಕೆ ಒಂದು. ಮೇಲೆ ಕಪ್ಪು ಬಣ್ಣ ತೀಡಿ, ಹಿಂದೆ ಸರಿದು ನೋಡಿ, ಮೀಸೆ ತಿರುವಿದ.

ಮುಂದಿನ ಹದಿನೈದು ದಿನದಲ್ಲಿ ಮಾವ ನಲವತ್ತಮೂರು ವಾಹನಗಳ ಬೆಳಕು ಕೂರಿಸಿದ. ಹೊಸ ಬಲ್ಬು ಹಾಕಿಸಲು ಬಂದ ಟೀಚರಮ್ಮನ ನೀಲಿ ಸ್ಕೂಟರೂ ಅದರಲ್ಲಿ ಒಂದು.

ಮೊದಲು ಬಸ್ಸಿನವನೂ ಲಾರಿಯವನೂ ಸೇತುವೆಯ ಮೇಲೆ ಎದುರುಬದುರಾದರು. ಆಗಷ್ಟೇ ಕತ್ತಲಾಗುತ್ತಿತ್ತು. ಇಬ್ಬರೂ ಕಣ್ಣಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿದರು.

"ಡಿಮ್ ಮಾಡ್ರೀ!"

"ಡಿಮ್ಮೇ ಇದು! ನೀವು ಮಾಡ್ರಿ!"

"ನಂದೂ ಡಿಮ್ಮೇ! ಯಾರ ಹತ್ರ ಕೂರಿಸಿದ್ದು ನೀವು?"

"ಮೀಸೆ ಮಾವನ ಹತ್ರ."

"ಮೊನ್ನೆ ನಾನೂ ಅಲ್ಲೇ."

ಇಬ್ಬರೂ ಕಣ್ಣು ಉಜ್ಜಿಕೊಂಡರು. ಮಾವ ಕೂರಿಸಿದ ಮೇಲೆ ದೀಪ ತಪ್ಪುವ ಮಾತೇ ಇಲ್ಲ. ಹಾಗಾದರೆ ತಪ್ಪಿರುವುದು ತಮ್ಮ ಕಣ್ಣೇ. ಮಾರನೆಯ ದಿನ ಇಬ್ಬರೂ ಕಣ್ಣಿನ ಡಾಕ್ಟರ ಬಾಗಿಲಲ್ಲಿ ಮತ್ತೆ ಎದುರುಬದುರಾದರು. ಅಲ್ಲಿ ನೋಡಿದರೆ ಆಗಲೇ ಟೆಂಪೋದವರು ಮೂವರು ಕೂತಿದ್ದಾರೆ. ವಾರ ಕಳೆಯುವುದರೊಳಗೆ ಊರಿನಲ್ಲಿ ಸಂಜೆಯಾದರೆ ಸಾಕು, ಜನ ಕಪ್ಪು ಕನ್ನಡಕ ಹಾಕಿಕೊಂಡು ಓಡಾಡತೊಡಗಿದರು. ಕಪ್ಪು ಕನ್ನಡಕದಲ್ಲಿ ದಾರಿ ಕಾಣದೆ ಒಬ್ಬ ತನ್ನ ಮನೆ ಎಂದು ಪಕ್ಕದ ಮನೆಗೆ ನುಗ್ಗಿ, ಕಾಲು ತೊಳೆದು, ಊಟಕ್ಕೆ ಕೂತು, ಸಾರಿಗೆ ಉಪ್ಪು ಸಾಲದು ಅಂದಮೇಲೆ ಸಿಕ್ಕಿಬಿದ್ದ. ಎದುರಿಗೆ ಬಂದವರೆಲ್ಲ ಒಬ್ಬರಿಗೊಬ್ಬರು ದೀಪ ಮಿಟುಕಿಸುವವರೇ. ಅಷ್ಟೊಂದು ಕಣ್ಣು ಹೊಡೆದಾಟ ಆ ಊರಲ್ಲಿ ಹಿಂದೆಂದೂ ಆಗಿರಲಿಲ್ಲ.

ಟೀಚರಮ್ಮನೂ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಪರೀಕ್ಷೆ ಮಾಡಿ "ನಿಮ್ಮ ಕಣ್ಣು ಚೆನ್ನಾಗಿದೆ" ಎಂದರು. ಬೇರೆಯವರಿಗೂ ಹಾಗೇ ಹೇಳಿದ್ದರು, ಆದರೆ ಅವರು ಡಾಕ್ಟರನ್ನು ನಂಬದೆ ಮಾವನನ್ನು ನಂಬಿದ್ದರು. ಟೀಚರಮ್ಮ ಲೆಕ್ಕದ ಟೀಚರು. ಕಣ್ಣು ಸರಿ ಇದ್ದರೆ ದೀಪ ತಪ್ಪು ಎಂದು ಕೂಡಿ ಕಳೆದು, ನೆಟ್ಟಗೆ ಹೊಲಿಗೆಯ ಟೇಪು ಹಿಡಿದು ಶೆಡ್ಡಿಗೆ ಬಂದರು. ಸ್ಕೂಟರಿನ ದೀಪದ ಎತ್ತರ ಅಳೆದರು. ಬೀದಿ ದಾಟಿ ನಡುವಿನ ಗೆರೆ ಅಳೆದರು.

"ನೋಡಿ ಇಲ್ಲಿ. ದೀಪಕ್ಕಿಂತ ಗೆರೆ ಮೇಲಿದೆ. ಬೆಳಕು ರಸ್ತೆಗೆ ಇಳೀಬೇಕೋ ಮರ ಹತ್ಬೇಕೋ?"

ಮಾವ ಒಮ್ಮೆ ಗೆರೆ ನೋಡಿದ, ಒಮ್ಮೆ ದೀಪ ನೋಡಿದ. ಆದರೂ ಬಿಟ್ಟುಕೊಡಲಿಲ್ಲ. "ಟೇಪು ರಬ್ಬರಿನ ಥರ ಟೀಚರಮ್ಮ, ಎಳೆದ್ರೆ ಉದ್ದ ಆಗುತ್ತೆ."

"ಸರಿ. ರಸ್ತೇಲಿ ಎಲ್ರ ಕಣ್ಣೂ ಕುಕ್ತಿದೆಯಲ್ಲ, ಅದು?"

"ರಸ್ತೆ ಏರಿದೆ."

"ಎರಡು ಕಡೆಯಿಂದ್ಲೂ ಏರಿದೆಯಾ?"

"ಹಾಗಾದ್ರೆ ಟೈರಿಗೆ ಗಾಳಿ ಜಾಸ್ತಿ ಹೊಡೆದಿದಾರೆ."

ಪಂಕ್ಚರಿನವನು ಪಂಪು ಕೆಳಗಿಟ್ಟು ಎದ್ದ. "ಏನಂದೆ ಮಾವ? ನಲವತ್ಮೂರು ಗಾಡಿಗೂ ನಾನೇ ಗಾಳಿ ಜಾಸ್ತಿ ಹೊಡೆದ್ನಾ? ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ!"

"ನನ್ನ ಗೆರೆ ತಪ್ಪಲ್ಲ!" ಎಂದು ಮಾವ ಎದೆ ತಟ್ಟಿಕೊಳ್ಳಲು ಹೋಗಿ ಸ್ವಲ್ಪ ಕೆಳಗೆ ತಟ್ಟಿಕೊಂಡ. "ಮೂವತ್ತು ವರ್ಷದಿಂದ ಅದೇ ಅಂಗಿ ಅಳತೆ, ಅದೇ ಗುಂಡಿ. ಬೇಕಾದ್ರೆ ನನ್ನ ಹೆಂಡ್ತೀನೇ ಕೇಳಿ. ಅವಳ ಬಾಯಲ್ಲಿ ಸುಳ್ಳು ಬರಲ್ಲ."

"ಕೇಳೋಣ. ನಾಳೆ ಸಂಜೆ ಕರ್ಕೊಂಡು ಬನ್ನಿ" ಎಂದರು ಟೀಚರಮ್ಮ. ಸ್ಕೂಟರು ಏರಿ, ಬೋರ್ಡಿನ ಕಡೆ ಗಲ್ಲ ಎತ್ತಿ ತೋರಿಸಿದರು. "ಅಳತೆ ಅದೇ ಆಗಿದ್ರೆ ನಾನು ಕ್ಷಮೆ ಕೇಳ್ತೀನಿ. ಇಲ್ಲದಿದ್ರೆ ಕ್ಷೌರದಂಗಡಿ ದೂರ ಏನಿಲ್ಲ."

ಮನೆಗೆ ಬಂದ ಮಾವ ಹೆಂಡತಿಯ ಎದುರಿಗೆ ಕೂತು ನಡೆದದ್ದನ್ನೆಲ್ಲ ಹೇಳಿದ. ಅವಳು ಯಾರದೋ ರವಿಕೆಗೆ ಕೊಕ್ಕೆ ಹಾಕುತ್ತಿದ್ದಳು. "ನಾಳೆ ಬಂದು ಎಲ್ರೆದುರಿಗೂ ಒಂದು ಮಾತು ಹೇಳ್ಬಿಡು, ಅಂಗಿ ಅಳತೆ ಬದಲಾಗಿಲ್ಲ ಅಂತ" ಎಂದಾಗ ಅವಳ ಸೂಜಿ ನಿಂತಿತು.

"ಹೇಳ್ಲೇಬೇಕಾ?"

"ಹೇಳ್ದೆ ಇದ್ರೆ ನನ್ನ ಮೀಸೆ ಹೋಗುತ್ತೆ ಕಣೇ!"

"ನಿಜಾನೇ ಹೇಳ್ಬೇಕಾ?"

"ಇದೇನು ಕೇಳ್ತಿದೀಯಾ? ನಿನ್ನ ನಂಬಿ ನಾನು ಊರಿಗೇ ಮಾತು ಕೊಟ್ಟು ಬಂದಿದೀನಿ."

ಅವಳು ರವಿಕೆ ಮಡಚಿಟ್ಟು ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಮಾವ ನಿಶ್ಚಿಂತೆಯಿಂದ ಇನ್ನೊಂದು ಸಲ ಅನ್ನ ಬಡಿಸಿಕೊಂಡ.

ಮರುದಿನ ಸಂಜೆ ಶೆಡ್ಡಿನ ಮುಂದೆ ಜಾತ್ರೆ ಇಲ್ಲದೆಯೇ ಜಾತ್ರೆ. ಕಪ್ಪು ಕನ್ನಡಕದವರೇ ಮೂವತ್ತು ಜನ. ಕ್ಷೌರದವನು ಬೆಂಚನ್ನು ಹೊರಗೆ ಹಾಕಿ, ಅರ್ಧ ಗಲ್ಲ ಬೋಳಿಸಿದ್ದ ಗಿರಾಕಿಯನ್ನು ನೊರೆಯ ಸಮೇತ ಅದರ ಮೇಲೆ ಕೂರಿಸಿದ್ದ. ಮಾವನ ಹೆಂಡತಿ ಮಗಳನ್ನೂ ಅಳಿಯನನ್ನೂ ಕರೆದುಕೊಂಡು, ಕಂಕುಳಲ್ಲಿ ಒಂದು ಗಂಟು ಇಟ್ಟುಕೊಂಡು ಬಂದಳು. ಅಳಿಯ ಸೌದೆಯ ಹಾಗೆ ತೆಳ್ಳಗಿದ್ದ ಮನುಷ್ಯ. ಎತ್ತರ ಮಾತ್ರ ಮಾವನಷ್ಟೇ. ಮಾವನ ಎದುರಿಗೆ ಅವನು ಕೆಮ್ಮುವುದಕ್ಕೂ ಸಂಕೋಚಪಡುತ್ತಿದ್ದ.

"ಹೇಳಮ್ಮ, ಅಳತೆ ಅದೇನಾ?" ಎಂದರು ಟೀಚರಮ್ಮ.

ಅವಳು ಗಂಟು ಬಿಚ್ಚಿದಳು. ಒಳಗಿನಿಂದ ಹಳದಿಗೆ ತಿರುಗಿದ ಒಂದು ಬಿಳಿ ಅಂಗಿ ಬಂತು. "ಇದು ಮೊದಲನೇ ಅಂಗಿ. ಇದನ್ನ ತೊಟ್ಕೊಂಡೇ ಇವರು ಗೆರೆ ಎಳೆದಿದ್ದು. ರೀ, ಹಾಕ್ಕೊಳ್ಳಿ."

ಮಾವ ಹುರುಪಿನಿಂದ ಹಾಕಿಕೊಂಡ. ತೋಳು ಹೇಗೋ ಹೋದವು. ಮುಂದಿನ ಎರಡು ಭಾಗಗಳು ಮಾತ್ರ ನದಿಯ ಎರಡು ದಡದ ಹಾಗೆ ಆ ಕಡೆ ಈ ಕಡೆ ನಿಂತವು. ಮಾವ ಉಸಿರು ಬಿಗಿಹಿಡಿದ, ದಡಗಳು ಹತ್ತಿರ ಬಂದವು. ಉಸಿರು ಬಿಟ್ಟ, ಬೆನ್ನಿನ ಹೊಲಿಗೆ ಪರ್ರೆಂದಿತು.

"ಒಗೆದು ಒಗೆದು ಕುಗ್ಗಿದೆ" ಎಂದ.

"ಟ್ರಂಕಲ್ಲಿಟ್ಟು ಇಪ್ಪತ್ತೊಂಬತ್ತು ವರ್ಷ ಆಯ್ತು. ಟ್ರಂಕಲ್ಲಿ ಯಾರು ಒಗೀತಾರೆ?" ಎಂದಳು ಹೆಂಡತಿ. ಆಮೇಲೆ ತಲೆ ತಗ್ಗಿಸಿ, ಗಂಡನಿಗೆ ಮಾತ್ರ ಹೇಳುವ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳಿಸುವ ಹಾಗೆ ಅಂದಳು: "ತಪ್ಪು ನಂದು ರೀ. ವರ್ಷ ವರ್ಷ ಒಂದೊಂದು ಚೂರು ಅಗಲ ಮಾಡ್ತಾ ಬಂದೆ. ನೀವು ಮಧ್ಯಾಹ್ನ ಮಲಗಿದ್ದಾಗ ದಾರದಲ್ಲಿ ಅಳೀತಿದ್ದೆ. ಕನ್ನಡಿ ಮುಂದೆ ನಿಂತು ಅಷ್ಟು ಖುಷಿಯಾಗಿ ಅದೇ ಅಳತೆ ಅಲ್ವಾ ಅಂತ ಕೇಳ್ತಿದ್ರಲ್ಲ, ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಅಗಲಕ್ಕೇನೋ ಸೇರಿಸ್ದೆ. ಉದ್ದಕ್ಕೆ ಸೇರಿಸೋದು ಹೊಳೀಲೇ ಇಲ್ಲ. ಹೊಟ್ಟೆ ಮುಂದಕ್ಕೆ ಬಂದ ಹಾಗೆ ಅಂಗಿ ಮೇಲಕ್ಕೆ ಹೋಯ್ತು. ಅಂಗಿ ಹೋದಲ್ಲಿ ಗುಂಡಿ, ಗುಂಡಿ ಹೋದಲ್ಲಿ ಗೆರೆ."

ಊರಿನವರ ಕೆಜಿಯನ್ನೆಲ್ಲ ಗೋಡೆಯಲ್ಲಿ ಓದಿದವನು ತನ್ನ ಹೊಟ್ಟೆಯನ್ನು ಕೆಳಗೆ ನೋಡಿದ. ಅಲ್ಲಿಂದ ಕಾಲು ಕಾಣಲಿಲ್ಲ. ಕಾಲು ಕಾಣದೆ ಎಷ್ಟು ವರ್ಷವಾಯಿತು ಎಂದು ನೆನಪು ಮಾಡಿಕೊಳ್ಳಲು ನೋಡಿದ, ನೆನಪಾಗಲಿಲ್ಲ.

"ದೀಪದ ಬುಡದಲ್ಲೇ ಕತ್ತಲು" ಎಂದು ಯಾರೋ ಪಿಸುಗುಟ್ಟಿದರು.

ಮಾವ ಅಂಗಿ ಬಿಚ್ಚಿ ಅಳಿಯನ ಕೈಗೆ ಕೊಟ್ಟ. ಬೆನ್ನು ಹರಿದಿದ್ದರೂ ಮುಂಭಾಗ ಸರಿಯಾಗಿಯೇ ಇತ್ತು. ಅಳಿಯ ನಾಚಿಕೊಂಡು ತೊಟ್ಟ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಗೋಡೆಗೆ ಎದುರಾಗಿ ನಿಲ್ಲಿಸಿದರು. ಅವನ ಮೂಗು ಗೋಡೆಗೆ ತಾಗಿತು. ಟೀಚರಮ್ಮ ಬಗ್ಗಿ ಬೆರಳಿಟ್ಟು ನೋಡಿದರು. ಅಂಚು, ಕೊನೆಯ ಗುಂಡಿ, ಅದರ ಮೇಲಿನ ಗುಂಡಿ, ಮೂರೂ ತಮ್ಮ ತಮ್ಮ ಗೆರೆಗಿಂತ ನಾಲ್ಕು ಬೆರಳು ಕೆಳಗಿದ್ದವು.

ಎಲ್ಲರ ಕಣ್ಣೂ ಬೋರ್ಡಿನ ಮೇಲೆ ಹೋಯಿತು, ಅಲ್ಲಿಂದ ಮೀಸೆಯ ಮೇಲೆ.

ಟೀಚರಮ್ಮನೇ ಮೊದಲು ಮೆತ್ತಗಾದರು. "ಹೋಗ್ಲಿ ಬಿಡಿ ಮಾವ. ಗೆರೆ ಸರಿ ಮಾಡಿದ್ರೆ ಆಯ್ತು."

"ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂತ ಇಟ್ಕೊಳ್ಳೋಣ" ಎಂದ ಪಂಕ್ಚರಿನವನು.

ಅಳ್ಳೆದೆಯ ಅಳಿಯ ಕೂಡ ಗೋಡೆಯಿಂದ ಮೂಗು ತೆಗೆದು ಮೆಲ್ಲಗೆ ಹೇಳಿದ: "ಮಾವ, ಬೋರ್ಡಲ್ಲಿ ಒಂದು ಬೆರಳು ತಪ್ಪಿದ್ರೆ ಅಂತಿದೆ. ಇದು ನಾಲ್ಕು ಬೆರಳು. ನಾಲ್ಕಕ್ಕೆ ಏನೂ ಬರೆದಿಲ್ಲ."

ಅವನು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಮಾವನಿಗೆ ಒಂದು ಗಳಿಗೆ ಆಸೆಯಾಯಿತು. ಕೈ ತಾನಾಗಿ ಮೀಸೆಯ ತುದಿಗೆ ಹೋಯಿತು. ಅಷ್ಟರಲ್ಲಿ ಬಸ್ಸಿನವನೂ ಲಾರಿಯವನೂ ಕಪ್ಪು ಕನ್ನಡಕ ತೆಗೆದು ಒಬ್ಬರ ಮುಖ ಒಬ್ಬರು ನೋಡುತ್ತಿರುವುದು ಕಾಣಿಸಿತು. "ನಮ್ಮ ಕಣ್ಣು ಸರಿ ಇತ್ತಲ್ಲೋ!" ಎಂದು ಬಸ್ಸಿನವನು, ಕಳೆದುಹೋದ ಮಗು ಸಿಕ್ಕಿದವನ ಹಾಗೆ, ಲಾರಿಯವನ ಭುಜ ಹಿಡಿದು ಅಲ್ಲಾಡಿಸುತ್ತಿದ್ದ. ಮಾವ ಕೈ ಕೆಳಗಿಳಿಸಿದ.

"ನನ್ನ ಗೆರೆ ನಂಬಿ ಇವರು ತಮ್ಮ ಕಣ್ಣನ್ನೇ ನಂಬಲಿಲ್ಲ" ಎಂದ. "ಅಂಥ ನಂಬಿಕೆಗೆ ಒಂದು ಮೀಸೆ ದೊಡ್ಡದಲ್ಲ. ನಡಿಯಪ್ಪ ಒಳಗೆ."

ಕ್ಷೌರದವನು ಕತ್ತಿ ಮಸೆದ, ಮತ್ತೆ ಮಸೆದ, ಮೂರನೆಯ ಸಲ ಮಸೆಯುವಾಗ ಮಾವ "ನನ್ನ ಕುತ್ತಿಗೆ ಕುಯ್ಯೋಕಿಲ್ಲ, ಬೇಗ ಮಾಡು" ಎಂದು ಗದರಿದ. ಎಡಭಾಗ ಹೋಯಿತು. ಬಲಭಾಗ ಹೋಗುವಾಗ ಕ್ಷೌರದವನೇ ಕಣ್ಣೊರೆಸಿಕೊಂಡ. ಉದುರಿದ್ದನ್ನು ಎರಡೂ ಕೈಯಲ್ಲಿ ಎತ್ತಿ ಕಾಗದದಲ್ಲಿ ಕಟ್ಟಿಕೊಟ್ಟ. ಇಟ್ಟುಕೊಂಡು ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಬಾಗಿಲಿನ ಪರದೆ ಸರಿಸಿ ಮಾವ ಹೊರಗೆ ಬಂದ. ಶೆಡ್ಡಿನೊಳಗೆ ನೀರು ತರಲು ಹೋಗಿದ್ದ ಮಗಳು ಅದೇ ಹೊತ್ತಿಗೆ ಈಚೆ ಬಂದು, ತಟ್ಟನೆ ಸೆರಗು ಸರಿಮಾಡಿಕೊಂಡು ಕೂಗಿದಳು:

"ಅಮ್ಮಾ, ಅತ್ತೆ ಬಂದಿದಾರೆ! ಯಾವ ಬಸ್ಸಿಗೆ ಬಂದ್ರಿ ಅತ್ತೆ?"

ಬೆಂಚಿನ ಮೇಲೆ ಕೂತಿದ್ದ ಅಳಿಯ ಗಡಬಡಿಸಿ ಎದ್ದು ನಿಂತ. ನೊರೆ ಮೆತ್ತಿಕೊಂಡಿದ್ದ ಗಿರಾಕಿ ಕೂಡ ಎದ್ದು ಜಾಗ ಬಿಟ್ಟುಕೊಟ್ಟ. ಮಾವನ ಹೆಂಡತಿ ಗಂಡನ ಮುಖವನ್ನು ಹತ್ತಿರ ಬಂದು ನೋಡಿದಳು, ಇನ್ನೂ ಹತ್ತಿರ ಬಂದು ನೋಡಿದಳು. ಸೆರಗನ್ನು ಬಾಯಿಗೆ ತುರುಕಿಕೊಂಡಳು. ಪ್ರಯೋಜನವಾಗಲಿಲ್ಲ. ಅವಳ ನಗು ಮೊದಲು ಭುಜದಲ್ಲಿ ಶುರುವಾಗಿ, ಆಮೇಲೆ ಬೀದಿಗೆಲ್ಲ ಹಬ್ಬಿತು. ಟೀಚರಮ್ಮ ಸ್ಕೂಟರು ಹಿಡಿದುಕೊಂಡು ನಕ್ಕರು, ಸ್ಕೂಟರು ಬಿತ್ತು, ಹಿಂದಿನ ದೀಪ ಒಡೆಯಿತು. ಮಾವ ಕೂಡ ಕೊನೆಗೆ ತಡೆಯಲಾರದೆ ನಕ್ಕ. ನಕ್ಕಾಗ ಇನ್ನಷ್ಟು ಅಕ್ಕನ ಹಾಗೆ ಕಂಡ.

ಸುದ್ದಿ ಮುಟ್ಟಿದ ಕೂಡಲೇ ನಿಜವಾದ ಅಕ್ಕ ಫೋನು ಮಾಡಿದಳು. "ಕೊನೆಗೂ ನಮ್ಮನೆ ಮುಖ ಬೆಳಕಿಗೆ ಬಂತಾ? ನೆಟ್ಟಗೆ ನಡ್ಕೋ, ಇನ್ಮೇಲೆ ನನ್ನ ಮರ್ಯಾದೆ ನಿನ್ನ ಕೈಲಿದೆ" ಎಂದು ಇಟ್ಟುಬಿಟ್ಟಳು.

ಮಾರನೆಯ ದಿನ ಅಳಿಯನನ್ನು ಗೋಡೆಗೆ ನಿಲ್ಲಿಸಿ, ಅಂಗಿಯ ಅಂಚಿಗೂ ಗುಂಡಿಗಳಿಗೂ ಸರಿಯಾಗಿ ಮೊಳೆ ಹೊಡೆದರು. ಗೋದಾಮಿನ ಯಜಮಾನರು ಏನೂ ಅನ್ನಲಿಲ್ಲ. ಅವರ ಕಾರೂ ಆ ನಲವತ್ತಮೂರರಲ್ಲಿ ಒಂದು. ಇನ್ನು ಎಷ್ಟು ಬಣ್ಣ ಹೊಡೆದರೂ ಮೊಳೆ ಅಲ್ಲೇ ಇರುತ್ತದೆ. ಮಾವ ಮನೆಮನೆಗೆ ಹೇಳಿಕಳಿಸಿ ಎಲ್ಲ ವಾಹನಗಳನ್ನೂ ತರಿಸಿ, ಒಂದೊಂದನ್ನೇ ನಾಲ್ಕು ಬೆರಳು ಇಳಿಸಿದ. ಬಂದವರೆಲ್ಲ "ಅಕ್ಕಾ, ಮಾವ ಇಲ್ವಾ?" ಎಂದು ಕೇಳುವವರೇ. ಮೂರು ದಿನ ಉರಿದುಬಿದ್ದು, ನಾಲ್ಕನೆಯ ದಿನ "ಊಟಕ್ಕೆ ಹೋಗಿದಾನೆ, ಕೂತ್ಕೊಳ್ಳಿ" ಎಂದು ತಾನೇ ಹೇಳತೊಡಗಿದ.

ಕೊನೆಯದಾಗಿ ಟೀಚರಮ್ಮನ ಸ್ಕೂಟರು. ಒಡೆದ ಹಿಂದಿನ ದೀಪ ಅಂಟಿಸಿ, ಅವರನ್ನು ಕೂರಿಸಿ, ಮುಂದಿನ ದೀಪ ಹಾಕಿಸಿದ. ಮೊಳೆಯಿಂದ ನಾಲ್ಕು ಬೆರಳು ಮೇಲಿರಬೇಕಿದ್ದ ಬೆಳಕು ಐದು ಬೆರಳು ಮೇಲಿತ್ತು. ಮಾವನ ಬಾಯಿ ತೆರೆಯಿತು. ಟೀಚರಮ್ಮ ಗೋಡೆ ನೋಡಲಿಲ್ಲ, ಮಾವನನ್ನೇ ನೋಡುತ್ತಿದ್ದರು.

"ಏನನ್ನುತ್ತೆ ಗೋಡೆ?"

"ಬಣ್ಣ ಹೊಸದು ಟೀಚರಮ್ಮ" ಎಂದ ಮಾವ. "ಇನ್ನೂ ಮಾತು ಬಂದಿಲ್ಲ."

ಅವತ್ತು ಸಂಜೆ ಮನೆಗೆ ಬಂದಾಗ ಹೆಂಡತಿ ಹೊಸ ಬಟ್ಟೆ ಹರಡಿಕೊಂಡು ಕೂತಿದ್ದಳು. ಮಾವ ಮೊದಲನೆಯ ಸಲ ತಾನಾಗಿ ಹೇಳಿದ, "ದಾರ ಬೇಡ. ಟೇಪು ತಗೋ. ಎಚ್ಚರ ಇದ್ದಾಗಲೇ ಅಳಿ." ತೋಳು ಅಗಲಿಸಿ ದೀಪದ ಕೆಳಗೆ ನಿಂತ. ಅವಳು ಟೇಪು ಸುತ್ತಿದಳು. ಸುತ್ತಿದ ಕೂಡಲೇ ಮಾವ ಉಸಿರೆಳೆದು ಹೊಟ್ಟೆ ಒಳಗೆ ಹಿಡಿದ. ಮುಖ ಕೆಂಪಾಯಿತು, ಹಿಂದಿನ ದೀಪದ ಹಾಗೆ.

ಅವಳು ಟೇಪಿನ ಎರಡು ತುದಿ ಹಿಡಿದುಕೊಂಡು ಹಾಗೇ ಕಾದಳು.

"ನಿಧಾನ" ಎಂದಳು. "ನಂಗೇನೂ ಅವಸರ ಇಲ್ಲ."